ಸ್ಮಿಲ್ಯಾ ಬಿಚ್ಚಿದ ಬಲ್ಬು

ತೋಷಾ ಸೀಮೆಸುಣ್ಣದಿಂದ ಟ್ರಕ್ಕಿನ ಬಾಗಿಲ ಮೇಲೆ ಚಿತ್ರ ಬರೆಯತೊಡಗಿದಾಗ ಸ್ಮಿಲ್ಯಾಗೆ ಮೊದಲು ಕಂಡದ್ದು ಅವನ ಗೆರೆ ಎಷ್ಟು ಸೊಟ್ಟಗಿದೆ ಎಂಬುದು. ಎಂಟನೆಯ ತರಗತಿಯಲ್ಲೂ ಹೀಗೇ ಎಳೆಯುತ್ತಿದ್ದ. ಈಗ ತಲೆಯಲ್ಲಿ ಕೂದಲಿಲ್ಲ, ಊರಿನಲ್ಲಿ ವಾಹನಗಳ ವೈರಿಂಗ್ ರಿಪೇರಿಯ ಅಂಗಡಿಯಿದೆ, ಗೆರೆ ಮಾತ್ರ ಅದೇ. ಬ್ಯಾಟರಿಗೆ ಎರಡು ಕಡ್ಡಿ ಎಳೆದ, ಕೀಗೆ ಒಂದು ಗೇಟು ಬರೆದ, ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಎಂದು ಬನ್ನಿನಂಥ ಒಂದು ದುಂಡು ಸುತ್ತಿದ. ಆಮೇಲೆ ದೀಪ. ಚಾರ್ಜ್ ಆಗದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪಗೆ ಹತ್ತುವ ಚಿಕ್ಕ ದೀಪ. ಅದನ್ನು ಅವನು ಪಕ್ಕಕ್ಕೆ, ಬೇಲಿಯ ಮೇಲೆ ಕೂತು ಜಗಳ ನೋಡುವ ಕಾಗೆಯ ಹಾಗೆ ಬರೆಯುತ್ತಾನೆ ಎಂದು ಅವಳು ಅಂದುಕೊಂಡಿದ್ದಳು. ತೋಷಾ ಹಾಗೆ ಮಾಡಲಿಲ್ಲ. ಕೀಯಿಂದ ಆಲ್ಟರ್ನೇಟರಿಗೆ ಹೋಗುವ ಗೆರೆಯನ್ನು ನಡುವೆ ಒರೆಸಿ, ಆ ಖಾಲಿ ಜಾಗದಲ್ಲಿ ದೀಪವನ್ನು ಕೂರಿಸಿದ.

"ಆಲ್ಟರ್ನೇಟರ್ ತಾನಾಗೇ ಏಳಲ್ಲ," ಎಂದ ತೋಷಾ, ಯಾರಿಗೆ ಹೇಳುತ್ತಿದ್ದೇನೆಂದು ತೋರಿಸಿಕೊಳ್ಳದೆ. "ಎಂಜಿನ್ ತಿರುಗಿದ್ರೂ ಮಲಗೇ ಇರುತ್ತೆ. ಮೊದಲು ಯಾರಾದ್ರೂ ಒಂದು ಸಲ ತಿವೀಬೇಕು. ಈ ದೀಪದ ಮೂಲಕ ಹೋಗೋ ಚೂರು ಕರೆಂಟೇ ಆ ತಿವಿತ. ಎದ್ದ ಮೇಲೆ ದೀಪ ಆರುತ್ತೆ." ಸೀಮೆಸುಣ್ಣದ ಬೆರಳುಗಳನ್ನು ಚೊಣ್ಣಕ್ಕೆ ಒರೆಸಿಕೊಂಡು ಅವಳ ಕಡೆ ತಿರುಗಿದ. "ಸರಿ ಇದೆಯಾ ಟೀಚರ್?"

"ಗೆರೆ ಸೊಟ್ಟ," ಎಂದಳು ಸ್ಮಿಲ್ಯಾ.

ಬ್ಯಾಟರಿ ಪೆಟ್ಟಿಗೆಯ ಮೇಲೆ ರಾಕಿಯಾ ಸಾರಾಯಿ ಇಟ್ಟುಕೊಂಡು ಕೂತಿದ್ದ ಪಕ್ಕದ ಮನೆಯ ಲಾಜಾ ಖೊಳ್ಳನೆ ನಕ್ಕ. ಸ್ಮಿಲ್ಯಾಳ ಗಂಡ ಗೊಯ್ಕೊ ನಗಲಿಲ್ಲ. ಬೆಳಗಿನ ಐದೂವರೆಯಿಂದ ಅವನು ಟ್ರಕ್ಕಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ. ಸ್ಮಿಲ್ಯಾ ಕೈಯಲ್ಲಿದ್ದ ತಿಂಡಿಯ ತಟ್ಟೆಯನ್ನು ಬೇಲಿಯ ಕಂಬದ ಮೇಲಿಟ್ಟಳು. ಮೂವತ್ತಮೂರು ವರ್ಷ ಭೌತಶಾಸ್ತ್ರ ಕಲಿಸಿದವಳು ತಾನು. ಆ ಬಲ್ಬನ್ನು ಬಿಚ್ಚಿದವಳೂ ತಾನೇ. ಬಲ್ಬು ಕರೆಂಟನ್ನು ತಿನ್ನುತ್ತದೆ, ಮಾಡುವುದಿಲ್ಲ ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದಳೋ. ಅದು ಸುಳ್ಳೂ ಅಲ್ಲ. ಆದರೆ ದಾರಿಯ ನಡುವೆ ಕೂತವನನ್ನು ಎಬ್ಬಿಸಿ ಕಳಿಸಿದರೆ ದಾರಿಯೂ ಅವನ ಜೊತೆ ಎದ್ದು ಹೋಗುತ್ತದೆ ಎಂಬುದು, ಈ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಸೊಟ್ಟ ಗೆರೆಯೊಂದನ್ನು ನೋಡಿದಾಗ ಅವಳಿಗೆ ಹೊಳೆಯಿತು. ಒಮ್ಮೆ ಒಬ್ಬ ಹುಡುಗ ತರಗತಿಯಲ್ಲಿ ಎದ್ದು ನಿಂತು, ನಮ್ಮಪ್ಪ ಟ್ರ್ಯಾಕ್ಟರಿಗೆ ಬಲ್ಬು ಹಾಕಿದ ಮೇಲೇ ಅದು ಚಾರ್ಜ್ ಆಗಿದ್ದು ಎಂದಿದ್ದ. ನಿಮ್ಮಪ್ಪ ಪುಸ್ತಕ ಬರೆದಿದ್ದಾನೇನೋ ಎಂದು ಅವಳು ಕೇಳಿದ್ದಳು. ತರಗತಿ ನಕ್ಕಿತ್ತು. ಅದು ತೋಷಾನೋ, ಅವನ ಅಣ್ಣನೋ, ಅವಳಿಗೆ ಖಚಿತವಾಗಿ ನೆನಪಿಲ್ಲ. ಸಂಶಯದ ಲಾಭವನ್ನು ಅವಳು ಧಾರಾಳವಾಗಿ ತನಗೇ ಕೊಟ್ಟುಕೊಂಡಳು.

ಟ್ರಕ್ಕಿನ ಮೇಲೆ ನಲವತ್ತೆರಡು ಜೇನುಪೆಟ್ಟಿಗೆಗಳಿದ್ದವು, ಹಳದಿ, ನೀಲಿ, ಬಿಳಿ, ಎರಡು ಅಂತಸ್ತಿನಲ್ಲಿ, ಚಕ್ರ ಬಂದ ಊರಿನ ಹಾಗೆ. ನಿನ್ನೆ ಸಂಜೆ ಹುಳುಗಳೆಲ್ಲ ಒಳಗೆ ಸೇರಿದ ಮೇಲೆ ಬಾಯಿಗೆ ಜಾಲರಿ ಬಡಿದಾಗಿತ್ತು. ಫ್ರುಷ್ಕಾ ಗೋರಾ ಬೆಟ್ಟದಲ್ಲಿ ಲಿಪಾ ಮರಗಳು ಹೂ ಬಿಟ್ಟು ನಾಲ್ಕು ದಿನವಾಗಿತ್ತು. ಇನ್ನು ಒಂದು ವಾರ ಬಿಡುತ್ತವೆ, ಹೆಚ್ಚೆಂದರೆ ಹತ್ತು ದಿನ. ಬಿಸಿಲು ಕೊಟ್ಟಿಗೆಯ ಮಾಡನ್ನು ದಾಟಿ ಪೆಟ್ಟಿಗೆಗಳ ಮೇಲೆ ಬೀಳುವುದರೊಳಗೆ ಟ್ರಕ್ಕು ಹುಳುಗಳನ್ನು ಹೊತ್ತು ಆ ಹೂವಿನ ಕಡೆ ಹೊರಡಬೇಕು, ಇಲ್ಲವೆ ಜಾಲರಿ ತೆಗೆಯಬೇಕು. ತೆಗೆದರೆ ಹುಳುಗಳು ಹೊರಗೆ ಹಾರುತ್ತವೆ; ಅವುಗಳಿಗೆ ಮರಳಿ ಬರುವ ಜಾಗ ಈ ಅಂಗಳವೇ ಆಗುತ್ತದೆ. ತೆಗೆಯದಿದ್ದರೆ ಒಳಗೇ ಬೇಯುತ್ತವೆ. ಮೇ ತಿಂಗಳಲ್ಲಿ ಬೆಂದಿದ್ದವು. ಬಾಗ್ರೆಮ್ ಹೂವಿಗೆಂದು ಹೊರಟ ಟ್ರಕ್ಕು ರೈಲ್ವೆ ಗೇಟಿನ ಮುಂದೆ ಆರಿಹೋಗಿ, ಮತ್ತೆ ಸ್ಟಾರ್ಟ್ ಆಗುವಷ್ಟು ಬ್ಯಾಟರಿಯಿಲ್ಲದೆ, ಮೂರು ಗಂಟೆ ಬಿಸಿಲಲ್ಲಿ ನಿಂತಿತ್ತು. ಗೊಯ್ಕೊ ತನ್ನ ಅಂಗಿಯನ್ನೂ ಕಳಚಿ ಪೆಟ್ಟಿಗೆಗಳ ಮೇಲೆ ಹೊದಿಸಿ ನೀರು ಹಾಕಿದ್ದ. ಏಳು ಪೆಟ್ಟಿಗೆ ಸತ್ತವು. ಮನೆಗೆ ತಂದು ಮುಚ್ಚಳ ತೆಗೆದಾಗ ಮೇಣ ಕರಗಿ, ಹುಳುಗಳು ಒದ್ದೆ ಒಣದ್ರಾಕ್ಷಿಯ ಹಾಗೆ ಮುದ್ದೆಯಾಗಿದ್ದವು. ಸ್ಮಿಲ್ಯಾ ಅವನ ಜೊತೆ ನಿಂತು ಅಗೆದು ಹೂತಿದ್ದಳು. ಅಯ್ಯೋ ಪಾಪ ಎಂದಿದ್ದಳು. ಆ ದಿನ ತಾನು ಎಷ್ಟು ನಿರಾಳವಾಗಿ ಮರುಗಿದ್ದೆ ಎಂಬುದು ಈಗ ನೆನಪಾಗಿ ಅವಳ ಕಿವಿ ಬಿಸಿಯಾಯಿತು.

"ಮೀಟರ್ ಎಷ್ಟು ತೋರಿಸ್ತಿದೆ?" ಎಂದು ಗೊಯ್ಕೊ ಗುಡುಗಿದ.

"ಇಪ್ಪತ್ತನಾಲ್ಕು ವೋಲ್ಟಿಂದ ಇಳೀತಾ ಇದೆ ಮಾಮಾ. ಎಂಜಿನ್ ಓಡ್ತಿರುವಾಗ ಇಪ್ಪತ್ತೆಂಟು ಇರ್ಬೇಕು."

"ಇರ್ಬೇಕು! ನಂಗೂ ಮೂವತ್ತು ವರ್ಷ ಇರ್ಬೇಕು. ಚಳಿಗಾಲದಲ್ಲಿ ಡೈನಮೋ ಬಿಚ್ಚಿ ತಂತಿ ಸುತ್ತಿದ್ದು ಯಾರು? ನೀನು. ಮೇನಲ್ಲಿ ಎಲ್ಲ ಸರಿ ಮಾಡಿದೀನಿ ಅಂದಿದ್ದು ಯಾರು? ನೀನು. ಈಗ ನನ್ನ ಗಾಡಿ ಬಾಗಿಲ ಮೇಲೆ ಚಿತ್ರ ಬಿಡಿಸ್ತಾ ನಿಂತಿದೀಯ!"

"ಟ್ಯಾಂಕಿನಲ್ಲಿ ಹೀಗಾದ್ರೆ ನಾವು ಅರ್ತಿಂಗ್ ನೋಡ್ತಿದ್ವಿ," ಎಂದ ಲಾಜಾ. ನಲವತ್ತೈದು ವರ್ಷದ ಹಿಂದೆ ಹದಿನೈದು ತಿಂಗಳು ಸೈನ್ಯದಲ್ಲಿ ಟ್ಯಾಂಕು ಓಡಿಸಿದ ಅವನಿಗೆ ಅಂದಿನಿಂದ ಲೋಕದ ಯಾವ ಯಂತ್ರವೂ ಅಪರಿಚಿತವಾಗಿರಲಿಲ್ಲ. ತನ್ನ ಮನೆಯ ಬಟ್ಟೆ ಒಗೆಯುವ ಯಂತ್ರಕ್ಕೂ ಅವನು ಅರ್ತಿಂಗ್ ನೋಡಿ ಅದನ್ನು ಕೊಂದಿದ್ದ.

"ದೀಪ ಕೂಡ ಹತ್ತಿಲ್ಲ ಕಣೋ!" ಎಂದ ಗೊಯ್ಕೊ. "ಏಪ್ರಿಲ್‌ನಿಂದ ಒಂದು ಸಲಾನೂ ಹತ್ತಿಲ್ಲ. ಅಂದ್ರೆ ಎಲ್ಲ ಸರಿ ಇದೆ ಅಂತ ತಾನೇ? ಸರಿ ಇರೋದನ್ನ ಕೆಡಿಸ್ತಾ ಇರೋನು ನೀನೇ!"

ತೋಷಾ ಬಾಯಿ ತೆರೆದು, ಸ್ಮಿಲ್ಯಾಳ ಕಡೆ ಒಮ್ಮೆ ನೋಡಿ, ಮುಚ್ಚಿದ. "ನೋಡ್ತೀನಿ ಮಾಮಾ," ಎಂದು ಕ್ಯಾಬಿನ್ ಹತ್ತಿದ.

ಆ ನೋಟ ಅವಳಿಗೆ ಹಿಡಿಸಲಿಲ್ಲ. ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ಕಂಡರೂ ಕಾಣದಂತೆ ಕೂರುವ ಒಳ್ಳೆಯ ಹುಡುಗನ ನೋಟ ಅದು. ಏಪ್ರಿಲ್‌ನಲ್ಲಿ ತಾನು ಮಾಡಿದ್ದು ತಪ್ಪು ಎಂದು ಈ ಬೆಳಗಿನವರೆಗೆ ಅವಳಿಗೆ ಅನಿಸಿರಲಿಲ್ಲ. ಅದನ್ನು ಒಂದು ಸಣ್ಣ ಉಪಕಾರ ಎಂದು ಮನಸ್ಸಿನ ಕಪಾಟಿನಲ್ಲಿ ಮಡಿಸಿ ಇಟ್ಟುಕೊಂಡಿದ್ದಳು. ಇಡೀ ಕಳೆದ ವರ್ಷ ಆ ದೀಪ ಪೂರ್ತಿ ಹತ್ತದೆ, ಪೂರ್ತಿ ಆರದೆ, ಮಸುಕಾಗಿ ಕೆಂಪಾಗಿರುತ್ತಿತ್ತು. ಪಕ್ಕದಲ್ಲಿ ಅಯಸ್ಕಾಂತದಿಂದ ಅಂಟಿಸಿದ್ದ ಸಂತ ನಿಕೊಲಾನ ಪಟದ ಗಡ್ಡದ ಮೇಲೆ ಅದರ ಬೆಳಕು ಬಿದ್ದು, ಸಂತ ಆಗತಾನೆ ಮದುವೆ ಮನೆಯಿಂದ ತೂರಾಡಿಕೊಂಡು ಬಂದವನಂತೆ ಕಾಣುತ್ತಿದ್ದ. ಗೊಯ್ಕೊ ರಸ್ತೆ ನೋಡುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದ. ಊಟಕ್ಕೆ ಕೂತಾಗಲೂ ಅದರದೇ ಮಾತು: ಇವತ್ತು ಸ್ವಲ್ಪ ಜಾಸ್ತಿ, ಇವತ್ತು ಸ್ವಲ್ಪ ಕಮ್ಮಿ. ನಲವತ್ತಾರು ವರ್ಷದ ದಾಂಪತ್ಯದಲ್ಲಿ ಅವಳ ಮುಖದ ಬಗ್ಗೆ ಅವನು ಅಷ್ಟು ಸೂಕ್ಷ್ಮವಾಗಿ ಏನನ್ನೂ ಗಮನಿಸಿದ್ದಿಲ್ಲ. ಫೆಬ್ರುವರಿಯಲ್ಲಿ ಎದೆ ಹಿಡಿದುಕೊಂಡು ಬಿದ್ದ. ಮನಸ್ಸಿಗೆ ಬೇಜಾರಾಗುವ ಯಾವುದೂ ಕಣ್ಣಿಗೆ ಬೀಳಬಾರದು ಎಂದರು ಡಾಕ್ಟರು. ಅವಳು ಸುದ್ದಿಯ ಹೊತ್ತಿಗೆ ಟಿ.ವಿ. ಆರಿಸಿದಳು, ತನ್ನ ತಂಗಿಗೆ ಬರಬೇಡ ಎಂದಳು, ಆಮೇಲೆ ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ಹೋಗಿ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ, ಬಟಾಣಿಯಷ್ಟು ದೊಡ್ಡ ಬಲ್ಬನ್ನು ತಿರುಗಿಸಿ ತೆಗೆದಳು. ಎಷ್ಟು ಸುಲಭವಾಗಿ ಬಂತು. ಮೇ ತಿಂಗಳಲ್ಲಿ ಹುಳುಗಳು ಸತ್ತ ಮೇಲೆ, ಗೊಯ್ಕೊ ತಪಾಸಣೆಗೆಂದು ಆಸ್ಪತ್ರೆಗೆ ಹೋಗಿದ್ದ ದಿನ ತೋಷಾ ಬಂದು ರಿಪೇರಿ ಮಾಡುತ್ತಿದ್ದಾಗ ಆ ಕೆಂಪು ಮತ್ತೆ ಹತ್ತಿದ್ದನ್ನು ಅವಳು ಅಡುಗೆಮನೆಯ ಕಿಟಕಿಯಿಂದ ಕಂಡಳು. ಕೀ ತಿರುಗಿಸಿದಾಗ ಹತ್ತಿ, ಎಂಜಿನ್ ಎದ್ದ ಮೇಲೆ ಆರುವುದು ಅದರ ಧರ್ಮ. ಆರುವುದನ್ನು ನೋಡಲು ಅವಳು ನಿಲ್ಲಲಿಲ್ಲ. ಒಲೆಯ ಮೇಲೆ ಹಾಲಿತ್ತು. ಸಂಜೆ ಹೋಗಿ ಎರಡನೆಯದನ್ನೂ ತೆಗೆದು ಕೋಳಿಗಳ ಅಂಗಳಕ್ಕೆ ಎಸೆದಳು. ಒಂದು ಕೋಳಿ ಓಡಿ ಬಂದು, ನೋಡಿ, ನಿರಾಶೆಯಿಂದ ಹೋಗಿತ್ತು.

ಬಿಸಿಲು ಮಾಡಿನ ಅಂಚಿಗೆ ಬಂದಿತ್ತು. ಪೆಟ್ಟಿಗೆಗಳ ಒಳಗಿನ ಗುಂಯ್‌ಗುಡುವಿಕೆ ಅರ್ಧ ಸ್ವರ ಮೇಲೇರಿತ್ತು, ಪಾಠ ಮುಗಿಯುವ ಮುಂಚಿನ ತರಗತಿಯ ಹಾಗೆ. ಸ್ಮಿಲ್ಯಾ ತಟ್ಟೆಯಲ್ಲಿದ್ದ ಬ್ರೆಡ್ಡು, ಹಂದಿಕೊಬ್ಬಿನ ಚೂರುಗಳನ್ನು ಹಿಡಿದುಕೊಂಡು ಕ್ಯಾಬಿನ್ನಿನ ಆ ಕಡೆಯ ಬಾಗಿಲಿಗೆ ಹೋದಳು. ತೋಷಾ ಸೀಟಿನ ಮೇಲೆ ಅಡ್ಡ ಮಲಗಿ, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿದ್ದ. ಅವನ ಕಾಲುಚೀಲದಲ್ಲಿ ಹೆಬ್ಬೆರಳಿನಷ್ಟು ತೂತಿತ್ತು.

"ತೋಷಾ. ಏನಾದ್ರೂ ತಿನ್ನು."

"ಟೀಚರ್, ಮೆಲ್ಲಗೆ ಮಾತಾಡಿ," ಎಂದ ಅವನು ಕೆಳಗಿನಿಂದಲೇ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹಾಕ್ಲೋ ಬೇಡ್ವೋ?"

"ಏನನ್ನ?"

"ಬಲ್ಬು. ಮೇನಲ್ಲಿ ಹಾಕಿದ್ದೆ. ಇವತ್ತು ನೋಡಿದ್ರೆ ಮತ್ತೆ ಇಲ್ಲ. ಅದೇನು ಕಾಲು ಬಂದು ನಡೆದು ಹೋಗೋ ವಸ್ತು ಅಲ್ಲ. ಗೊಯ್ಕೊ ಮಾಮನ ಬೆರಳು ಈ ಸಂದೀಲಿ ತೂರಲ್ಲ. ಲಾಜಾ ಆಗಿದ್ರೆ ಪೂರ್ತಿ ಡ್ಯಾಶ್‌ಬೋರ್ಡೇ ಕೈಗೆ ಬಂದಿರ್ತಿತ್ತು." ಅವನು ತಲೆಯನ್ನು ಹೊರಗೆ ಎಳೆದು ಎದ್ದು ಕೂತ. ಹಣೆಯ ಮೇಲೆ ಗ್ರೀಸಿನ ಪಟ್ಟೆಯಿತ್ತು. "ಅರ್ಥ ಆಯ್ತು ನಂಗೆ. ಅವರ ಎದೆ ಸರಿ ಇಲ್ಲ, ಬೆಟ್ಟಕ್ಕೆ ಹೋದ್ರೆ ಹೂ ಮುಗಿಯೋವರೆಗೆ ಒಬ್ಬರೇ ಟ್ರಕ್ಕಲ್ಲೇ ಮಲಗ್ತಾರೆ. ಹೋಗ್ಬೇಡ ಅಂದ್ರೆ ಕೇಳೋ ಜಾತಿ ಅಲ್ಲ. ಗಾಡೀನೇ ಹೋಗದ ಹಾಗೆ ಮಾಡಿದ್ರೆ ಕೇಳ್ಲೇಬೇಕಲ್ಲ. ಮೇನಲ್ಲೇ ನನ್ನ ಹೆಂಡ್ತಿಗೆ ಹೇಳ್ದೆ, ಟೀಚರ್ ಅಂದ್ರೆ ಟೀಚರ್ ಅಂದ್ಲು."

ಸ್ಮಿಲ್ಯಾ ತಟ್ಟೆಯನ್ನು ಸೀಟಿನ ಮೇಲಿಟ್ಟಳು. ಅಲ್ಲ ಎನ್ನಲು ಬಾಯಿ ತೆರೆದಳು. ಅಲ್ಲ, ನಾನು ಅಷ್ಟು ಜಾಣೆಯಲ್ಲ ತೋಷಾ, ನನಗೆ ಗೊತ್ತೇ ಇರಲಿಲ್ಲ. ಆದರೆ ದಡ್ಡಿ ಎನಿಸಿಕೊಳ್ಳುವುದಕ್ಕಿಂತ ಕುತಂತ್ರಿ ಎನಿಸಿಕೊಳ್ಳುವುದು ಎಷ್ಟೋ ಮೇಲು ಎಂದು ಒಳಗಿನಿಂದ ಯಾರೋ ಒಬ್ಬ ಮುದುಕಿ, ಅವಳಿಗಿಂತಲೂ ಹಳಬಳು, ಹೇಳಿದಳು. ಆಮೇಲೆ ಇನ್ನೂ ಕೆಟ್ಟದ್ದೊಂದು ಅವಳಿಗೆ ಅನಿಸಿತು: ಇವನು ಹೇಳುವುದೇ ನಿಜವಿರಬಹುದೇ? ಮೇ ತಿಂಗಳಲ್ಲಿ ಟ್ರಕ್ಕು ಹಗ್ಗ ಕಟ್ಟಿಸಿಕೊಂಡು ಅಂಗಳಕ್ಕೆ ವಾಪಸಾದಾಗ, ಏಳು ಪೆಟ್ಟಿಗೆಗಳ ಹೆಣ ಇಳಿಸುವುದಕ್ಕೆ ಮುಂಚೆ, ಒಂದು ಕ್ಷಣ, ಅವನು ಇಂದು ರಾತ್ರಿ ಮನೆಯಲ್ಲೇ ಮಲಗುತ್ತಾನೆ ಎಂದು ಅವಳಿಗೆ ಹಿತವಾಗಿತ್ತಲ್ಲ.

"ಹಾಗಾದ್ರೆ ನೀನು ಯಾಕೆ ಸುಮ್ಮನಿದ್ದೆ? ಅವರು ಊರೆಲ್ಲ ನಿನ್ನ ಹೆಸರು ಕೆಡಿಸ್ತಿದಾರೆ. ಜೇನಿನವರ ಸಂಘದಲ್ಲಿ ನಿಂತು ಹೇಳಿದಾರೆ. ಯಾರೂ ನಿನ್ನ ಹತ್ತಿರ ಗಾಡಿ ತರ್ತಿಲ್ಲ ಅಂತ ಕೇಳ್ದೆ."

"ಇಬ್ಬರು ತರ್ತಾರೆ. ಒಬ್ಬ ನನ್ನ ಭಾವ, ಇನ್ನೊಬ್ಬನಿಗೆ ಕಿವಿ ಕೇಳಲ್ಲ." ತೋಷಾ ಒಂದು ಚೂರು ಕೊಬ್ಬನ್ನು ಬಾಯಿಗೆ ಹಾಕಿಕೊಂಡ. "ನಾನೇನು ಹೇಳ್ಲಿ ಟೀಚರ್? ನಿಮ್ಮ ಹೆಂಡ್ತೀನೇ ಬಿಚ್ಚಿದ್ದು ಅಂತ ಎದೆ ಕೆಟ್ಟಿರೋನಿಗೆ ಹೇಳ್ಲಾ? ನೋಡಿ, ಇನ್ನೊಂದು ದಾರಿ ಇದೆ. ಬಲ್ಬಿನ ಜಾಗದಲ್ಲಿ ಒಂದು ರೆಸಿಸ್ಟರ್ ಬೆಸೀತೀನಿ. ಚಾರ್ಜ್ ಆಗುತ್ತೆ, ದೀಪ ಮಾತ್ರ ಹತ್ತಲ್ಲ. ಅವರು ನೆಮ್ಮದಿಯಾಗಿ ಹೋಗ್ತಾರೆ. ಹೊರಗೆ ಹೋಗಿ ವೈರ್ ನಾನೇ ತಪ್ಪು ಕೊಟ್ಟಿದ್ದೆ ಅಂತೀನಿ. ಇಷ್ಟು ಸಲ ಬೈಸ್ಕೊಂಡಿದೀನಿ, ಇನ್ನೊಂದು ಸಲ."

ಎಷ್ಟು ಸಲೀಸು. ಅವನು ಅದನ್ನು ಉಪ್ಪು ಕೊಡಿ ಎನ್ನುವಷ್ಟು ಸಾದಾ ಹೇಳಿದ. ಮೂವತ್ತಮೂರು ವರ್ಷ ಅವಳು ಎಷ್ಟೋ ಮಕ್ಕಳಿಗೆ ಅಂಕ ಕೊಟ್ಟಳು. ಈ ಗುಣಕ್ಕೆ ಪಟ್ಟಿಯಲ್ಲಿ ಅಂಕಣವೇ ಇರಲಿಲ್ಲ. ಅವಳಿಗೆ ಅವನ ಕಾಲುಚೀಲ ಹೊಲಿದು ಕೊಡಬೇಕೆನಿಸಿತು. ಕಾಲುಚೀಲವೊಂದನ್ನು ಹೊಲಿದು ಮುಗಿಸಿಬಿಡಬಹುದಾದರೆ ಎಷ್ಟು ಚೆನ್ನ ಎಂದೂ ಅನಿಸಿತು. ಹೂಂ ಎಂದಳೋ, ತಲೆಯಾಡಿಸಿದಳೋ, ಅವಳಿಗೇ ತಿಳಿಯಲಿಲ್ಲ. ತೋಷಾ ಮಾತ್ರ ಅದನ್ನು ಹೌದು ಎಂದುಕೊಂಡು ಆಚೆ ಬಾಗಿಲಿನಿಂದ ಇಳಿದ.

"ಗೊಯ್ಕೊ ಮಾಮಾ, ಸಿಕ್ತು. ನನ್ನದೇ ತಪ್ಪು. ಒಂದು ವೈರು—"

ಗೊಯ್ಕೊಗೆ ಬಹಳ ಹೊತ್ತಿನಿಂದ ಹಸಿದವನಿಗೆ ಎಲೆ ಹಾಕಿದಂತಾಯಿತು. "ಕೇಳ್ದೇನೋ ಲಾಜಾ? ಅವನ ಬಾಯಿಂದಲೇ ಬಂತು! ಏಳು ಪೆಟ್ಟಿಗೆ ಕಣೋ ಕಳ್ಳ ನನ್ಮಗನೇ! ಒಂದೊಂದರಲ್ಲೂ ಐವತ್ತು ಸಾವಿರ ಹುಳ. ಈ ಜಿಲ್ಲೇಲಿ ಅಷ್ಟು ಜನ ಇಲ್ಲ, ಅಷ್ಟು ಜೀವ ತೆಗೆದಿದೀಯ ನೀನು! ನಿಮ್ಮಪ್ಪನೂ ಹೀಗೇ ಇದ್ದ. ಟ್ರ್ಯಾಕ್ಟರ್ ರಿಪೇರಿ ಮಾಡ್ತೀನಿ ಅಂತ ಅರ್ಧ ತಾಲ್ಲೂಕನ್ನ ಮತ್ತೆ ಕುದುರೆ ಕಟ್ಟೋ ಹಾಗೆ ಮಾಡಿದ. ಅವನನ್ನ ಗೋರಿಗೆ ಇಳಿಸೋವಾಗ ಹಗ್ಗ ಕೂಡ ಕಿತ್ತು—"

"ಟ್ಯಾಂಕಿನಲ್ಲಾಗಿದ್ರೆ ಕೋರ್ಟ್ ಮಾರ್ಷಲ್ಲು," ಎಂದ ಲಾಜಾ, ಗ್ಲಾಸು ತುಂಬಿಕೊಳ್ಳುತ್ತ.

ತೋಷಾ ತಲೆ ತಗ್ಗಿಸಿ ನಿಂತಿದ್ದ. ಬೈಸಿಕೊಳ್ಳುವಾಗ ಅವನು ಯಾವಾಗಲೂ ಎಡಗಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದ. ಕರಿಹಲಗೆಯ ಪಕ್ಕದಲ್ಲಿ, ಕಿಟಕಿಯ ಬದಿಗೆ, ಹೀಗೇ. ಅವನೇ. ಟ್ರ್ಯಾಕ್ಟರಿನ ಬಲ್ಬಿನ ಮಾತೆತ್ತಿದ್ದು ಅವನು, ಅಣ್ಣನಲ್ಲ.

"ಎಲ್ಲರೂ ಸುಮ್ಮನಿರಿ!"

ಆ ದನಿ ಎಲ್ಲಿತ್ತೋ. ಹದಿಮೂರು ವರ್ಷದಿಂದ ಬಳಸಿರಲಿಲ್ಲ. ಗೊಯ್ಕೊನ ಬಾಯಿ ತೆರೆದೇ ಉಳಿಯಿತು. ಲಾಜಾ, ಅವಳ ಕೈಕೆಳಗೆ ಎಂದೂ ಓದಿರದ ಲಾಜಾ, ಗ್ಲಾಸನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ಅವನ ತಪ್ಪಿಲ್ಲ. ದೀಪದ ಬಲ್ಬು ಬಿಚ್ಚಿದ್ದು ನಾನು. ಅದು ಇಲ್ದಿದ್ರೆ ಚಾರ್ಜ್ ಆಗಲ್ಲ. ನಂಗೆ ಗೊತ್ತಿರ್ಲಿಲ್ಲ. ಟೀಚರ್ ಆಗಿ ಗೊತ್ತಿರ್ಬೇಕಿತ್ತು, ಗೊತ್ತಿರ್ಲಿಲ್ಲ. ಎರಡು ಸಲ ಬಿಚ್ಚಿದೆ."

"ಎರಡು ಸಲಾನಾ ಅತ್ತಿಗೆ?" ಎಂದ ಲಾಜಾ, ಗೌರವದಿಂದ.

"ಏಳು ಪೆಟ್ಟಿಗೆನೂ ನನ್ನಿಂದಲೇ ಹೋಗಿದ್ದು. ತೋಷಾ, ನಿನ್ನ ಹತ್ತಿರ ಬಲ್ಬಿದ್ರೆ ಹಾಕು. ರೆಸಿಸ್ಟರ್ ಬೇಡ."

ಗೊಯ್ಕೊನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಪಾಯಿತು. ಅವಳು ಅವನ ಕೈಯನ್ನೇ ನೋಡುತ್ತಿದ್ದಳು, ಎಲ್ಲಿ ಎದೆಯ ಕಡೆ ಹೋಗುತ್ತದೋ ಎಂದು. ಕೈ ಟೋಪಿಯ ಕಡೆ ಹೋಯಿತು. ಟೋಪಿ ತೆಗೆದು, ಒಳಗೆ ಏನೋ ಬರೆದಿದೆಯೆಂಬಂತೆ ನೋಡಿ, ಮತ್ತೆ ಹಾಕಿಕೊಂಡ. "ಯಾಕೆ?" ಎಂದ.

"ನೀನು ಅದನ್ನೇ ನೋಡ್ತಿದ್ದೆ."

ಹುಳುಗಳು ತಮ್ಮ ಅಭಿಪ್ರಾಯವನ್ನು ಇನ್ನಷ್ಟು ಜೋರಾಗಿ ಹೇಳಿದವು. ಗೊಯ್ಕೊ ಲಾಜಾನ ಬೆನ್ನ ಹಿಂದಿನಿಂದ ಗ್ಲಾಸು ಕಿತ್ತುಕೊಂಡು ತೋಷಾನ ಕೈಗೆ ಕೊಟ್ಟ. ಕ್ಷಮಿಸು ಎಂಬ ಪದ ಅವನ ಬಾಯಲ್ಲಿ ಎಂದೂ ಹುಟ್ಟಿದ್ದಿಲ್ಲ. ಹುಟ್ಟಿದ್ದರೂ ಹಲ್ಲಿಲ್ಲದ ಆ ಬಾಯಲ್ಲಿ ನಿಲ್ಲುತ್ತಿರಲಿಲ್ಲ. "ಕುಡಿ," ಎಂದ. "ನಿಮ್ಮಪ್ಪ ಒಳ್ಳೆ ಮನುಷ್ಯ. ಹಗ್ಗದ್ದು ಅವನ ತಪ್ಪಲ್ಲ." ಆಮೇಲೆ ಲಾಜಾನ ಕಡೆ ತಿರುಗಿದ. "ನೀನು ಇವತ್ತು ಬೆಟ್ಟಕ್ಕೆ ಬರೋದು ಬೇಡ. ಕಾಫಾನಾಕ್ಕೆ ಹೋಗು. ಕುಡಿಯೋಕೆ ಬಂದೋರ ಮಧ್ಯೆ ಕೂತು, ಈಗ ಕೇಳಿದ್ದೆಲ್ಲ ಹೇಳು. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗ್ಬೇಕು, ತೋಷಾನದು ತಪ್ಪಿಲ್ಲ ಅಂತ."

"ಅತ್ತಿಗೆ ಹೆಸರು ಹೇಳ್ಲಾ?"

"ಮೊದಲು ಅದನ್ನೇ ಹೇಳು."

"ಸೇರಿಸಿ ಹೇಳ್ಲಾ, ಇದ್ದ ಹಾಗೇ ಹೇಳ್ಲಾ?"

"ನೀನು ಇದ್ದ ಹಾಗೆ ಯಾವತ್ತು ಹೇಳಿದೀಯ?" ಎಂದಳು ಸ್ಮಿಲ್ಯಾ. ಲಾಜಾ ಆಗಲೇ ಗೇಟು ದಾಟಿದ್ದ. ಟ್ಯಾಂಕಿನಲ್ಲೂ ಅವನು ಅಷ್ಟು ವೇಗದಲ್ಲಿ ಹೋಗಿದ್ದಿರಲಾರ.

ತೋಷಾ ಬಲ್ಬು ಹಾಕಿದ. ಗೊಯ್ಕೊ ಕೀ ತಿರುಗಿಸಿದ, ಕೆಂಪು ಹತ್ತಿತು. ಎಂಜಿನ್ ಕೆಮ್ಮಿ, ಉಗಿದು, ಎದ್ದಿತು, ಕೆಂಪು ಆರಿತು. ತೋಷಾ ಮೀಟರನ್ನು ಅವಳ ಕಡೆ ತಿರುಗಿಸಿ ಹಿಡಿದ. ಇಪ್ಪತ್ತೆಂಟು. ಅವಳು ಒಳಗೆ ಓಡಿ ಒಂದು ಬ್ಯಾಗು ತುಂಬಿಕೊಂಡು ಬಂದಳು. ತೋಷಾನಿಗೆ ಏನಾದರೂ ಹೇಳಬೇಕೆಂದು ಪದ ಹುಡುಕುತ್ತಿದ್ದಳು. ಅಷ್ಟರಲ್ಲಿ ಅವನು, "ಹೊತ್ತಾಯ್ತು ಟೀಚರ್, ಹತ್ತಿ," ಎಂದು ಮೊಳಕೈ ಹಿಡಿದು ಮೇಲೇರಿಸಿದ. ಗೊಯ್ಕೊ ಅವಳಿಗೆ ಹತ್ತು ಎಂದಿರಲಿಲ್ಲ. ಬೇಡ ಎಂದೂ ಅನ್ನಲಿಲ್ಲ. "ಮನೇಲಿ ಬಿಟ್ಟು ಹೋದ್ರೆ ವಾಪಸ್ ಬರೋಷ್ಟರಲ್ಲಿ ಬಾಗಿಲು ಕಿಟಕಿನೂ ಬಿಚ್ಚಿರ್ತಾಳೆ," ಎಂದು ಸ್ಟಿಯರಿಂಗಿಗೆ ಹೇಳಿದ.

ಮೆಕ್ಕೆಜೋಳದ ಹೊಲಗಳು ಹೋದವು, ಪೊಲೀಸರು ಅಡಗಿ ನಿಲ್ಲುವ ಪೊದೆ ಹೋಯಿತು, ರೈಲ್ವೆ ಗೇಟು ಬಂತು. ಗೇಟಿನಲ್ಲಿ ಅವನು ನಿಧಾನ ಮಾಡಲಿಲ್ಲ. ಅವಳೇ ಕಣ್ಣು ಮುಚ್ಚಿಕೊಂಡಳು. ಅವನು ಆಗಾಗ ಆ ದೀಪದ ಕಡೆ ನೋಡುತ್ತಿದ್ದ, ಅದು ಆರಿಯೇ ಇತ್ತು. ಆಮೇಲೆ ಅಷ್ಟೇ ಅನುಮಾನದಿಂದ ಅವಳ ಕಡೆ ನೋಡುತ್ತಿದ್ದ. ಬೆಟ್ಟದ ಏರು ಶುರುವಾಗಿ, ಕಿಟಕಿಯಿಂದ ಲಿಪಾ ಹೂವಿನ ವಾಸನೆ ದಪ್ಪನೆ ಒಳಗೆ ಬಂದಾಗ ಗೊಯ್ಕೊ ಗಂಟಲು ಸರಿಮಾಡಿಕೊಂಡ.

"ನನ್ನ ಎದೇಲೂ ಏನಾದ್ರೂ ಬಿಚ್ಚಿದೀಯಾ?"

"ಇಲ್ಲ."

"ಮಾತ್ರೆ? ಮಾತ್ರೆ ನಿಜವಾದದ್ದೇ?"

"ಮಾತ್ರೆ ನಿಜವಾದದ್ದೇ."

ಅವನು ಗೇರು ಇಳಿಸಿದ. "ಹಾಗಾದ್ರೆ ಸುಳ್ಳು ಯಾವುದು?"

ಸ್ಮಿಲ್ಯಾ ಸಂತ ನಿಕೊಲಾನನ್ನು ನೋಡಿದಳು. ಅವನು ಈಗ ಪೂರ್ತಿ ಎಚ್ಚರವಿದ್ದ, ಸಹಾಯ ಮಾಡುವ ಲಕ್ಷಣ ಕಾಣಲಿಲ್ಲ. "ಕಾಫಿ," ಎಂದಳು. "ಮಾರ್ಚಿನಿಂದ ಬಾರ್ಲಿ ಹುರಿದು ಹಾಕ್ತಿದೀನಿ."

ಟ್ರಕ್ಕು ಎರಡು ತಿರುವು ಏರಿತು.

"ತೋಷಾ ಹೇಳ್ದ," ಎಂದ ಗೊಯ್ಕೊ. "ನೀನು ಬ್ಯಾಗ್ ತರೋಕೆ ಒಳಗೆ ಹೋದಾಗ. ನಾನು ಮನೆ ಬಿಟ್ಟು ಹೋಗದ ಹಾಗೆ ಮಾಡೋಕೆ ನೀನು ಬಿಚ್ಚಿದೆ ಅಂತ."

"ಹಾಗಲ್ಲ," ಎಂದಳು. ಆಮೇಲೆ, "ಹಾಗೂ ಇರಬಹುದು. ನಂಗೆ ಗೊತ್ತಿಲ್ಲ ಗೊಯ್ಕೊ."

ಅವನು ಬ್ರೇಕು ಒತ್ತಿದ. ಏರಿನ ಮಧ್ಯದಲ್ಲೇ, ಹಾದಿಯಿಂದ ಹುಲ್ಲಿನ ಬಯಲಿಗೆ ತಿರುಗುವ ಕಡೆ, ಟ್ರಕ್ಕು ನಿಂತು ಹಿಂದಕ್ಕೆ ಚೂರು ಜಾರಿ ನಿಂತಿತು. ಹಿಂದೆ ನಲವತ್ತೆರಡು ಪೆಟ್ಟಿಗೆಯಷ್ಟು ಕೋಪ ಗುಂಯ್ ಎಂದಿತು.

"ಇಳಿ," ಎಂದ.

ಅವಳು ಬ್ಯಾಗು ತೆಗೆದುಕೊಂಡಳು. ಮನೆಗೆ ಇಪ್ಪತ್ತೆರಡು ಕಿಲೋಮೀಟರ್. ಬಸ್ಸು ಎಷ್ಟು ಹೊತ್ತಿಗಿದೆ, ಇದೆಯೋ ಇಲ್ಲವೋ, ಕಾಫಾನಾದಲ್ಲಿ ಲಾಜಾ ಈಗ ಯಾವ ಭಾಗಕ್ಕೆ ಬಂದಿರಬಹುದು, ಊರ ಬೀದಿಯಲ್ಲಿ ಒಬ್ಬಳೇ ನಡೆದು ಹೋದರೆ ಅವನ ಕತೆಗೆ ಎಂಥ ಮುಕ್ತಾಯ ಸಿಗುತ್ತದೆ, ಎಲ್ಲವನ್ನೂ ಯೋಚಿಸುತ್ತ ಹಿಂದುಮುಂದಾಗಿ ಇಳಿದಳು. ಹುಲ್ಲು ಮೊಣಕಾಲಿನವರೆಗಿತ್ತು, ಇಬ್ಬನಿಯಿಂದ ಒದ್ದೆ. ನ್ಯಾಯವಾಗಿಯೇ ಇದೆ ಎಂದುಕೊಂಡಳು. ಬಾಗಿಲು ಮುಚ್ಚಿದಳು.

ಕಿಟಕಿಯಿಂದ ಗೊಯ್ಕೊನ ತಲೆ ಹೊರಬಂತು. ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಎಳೆದು ಹಿಡಿದು ಅವನ ಮುಖ ಊದಿತ್ತು.

"ಬ್ಯಾಗು ಹಿಡ್ಕೊಂಡು ಎಲ್ಲಿಗೆ ಹೊರಟೆ? ಹಿಂದಿನ ಚಕ್ರಕ್ಕೆ ಕಲ್ಲು ಕೊಡು. ದೊಡ್ಡದು ನೋಡಿ ಕೊಡು, ಜಾರ್ತಾ ಇದೆ!"

ಸ್ಮಿಲ್ಯಾ ಬ್ಯಾಗನ್ನು ಹುಲ್ಲಿಗೆ ಎಸೆದು, ಹೂವಿನ ನಡುವೆ ಕಲ್ಲು ಹುಡುಕುತ್ತ ಓಡಿದಳು.